ಟ್ಯಾಬ್‌ಗಳ ಮರಕ್ಕೊಂದು ಕಪಾತು

ಟ್ರೀ ಸ್ಟೈಲ್ ಟ್ಯಾಬ್ ಎಂಬುದು ಫೈರ್‌ಫಾಕ್ಸ್ ಬ್ರೌಸರಿಗೆ ಸೇರಿಸಿಕೊಳ್ಳುವ ಉಚಿತ ಆ್ಯಡ್‌ಆನ್. ಪರದೆಯ ನೆತ್ತಿಯ ಮೇಲೆ ಸಾಲಾಗಿ ಒತ್ತಿಕೊಂಡು ನಿಲ್ಲುವ ಟ್ಯಾಬ್‌ಗಳನ್ನು ಅದು ಬದಿಯ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಜೋಡಿಸಿ, ಯಾವ ಪುಟದಿಂದ ಯಾವ ಪುಟ ಹುಟ್ಟಿತೆಂಬುದನ್ನು ವಂಶವೃಕ್ಷದ ಹಾಗೆ ತೋರಿಸುತ್ತದೆ. ಪೀರೋ ಎಂಬ ಹೆಸರಿನಲ್ಲಿ ಬರೆಯುವ ಜಪಾನಿನ ಪ್ರೋಗ್ರಾಮರ್ ಇದನ್ನು ಕಟ್ಟಿದವರು. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ಆ್ಯಡ್‌ಆನ್‌ಗಳನ್ನೆಲ್ಲ ಒಮ್ಮೆಲೇ ನಿಲ್ಲಿಸಿತು. ಟ್ಯಾಬ್ ಮಿಕ್ಸ್ ಪ್ಲಸ್‌ನಂಥ ಹೆಸರಾಂತ ಸಾಧನ ಆಗ ಕೈಬಿಟ್ಟುಹೋಯಿತು. ಟ್ರೀ ಸ್ಟೈಲ್ ಟ್ಯಾಬನ್ನು ಹೊಸ ವಿಧಾನದಲ್ಲಿ ಮತ್ತೆ ಬರೆದದ್ದರಿಂದ ಅದು ಉಳಿಯಿತು.

ಇಂಥ ಸಾಧನದ ಅಗತ್ಯ ಕೊಡಗಿನ ಕಾಫಿ ಬೆಳೆಗಾರರ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ. ಕೊಯ್ಲು ಮುಗಿಯುತ್ತ ಬಂದಾಗ ಚೀಲ ಈಗಲೇ ಕೊಡುವುದೋ ಇಟ್ಟುಕೊಳ್ಳುವುದೋ ಎಂದು ಲೆಕ್ಕ ಹಾಕಬೇಕು. ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ ನೋಡಬೇಕು, ಅಲ್ಲಿ ಬೆಲೆ ಟನ್ನಿಗೆ ಡಾಲರಿನಲ್ಲಿ. ಅರೇಬಿಕಾಕ್ಕೆ ನ್ಯೂಯಾರ್ಕ್, ಅಲ್ಲಿ ಪೌಂಡಿಗೆ ಸೆಂಟ್ ಲೆಕ್ಕ. ಡಾಲರಿನ ಅಂದಿನ ರೂಪಾಯಿ ದರ ಬೇಕು, ಕಾಫಿ ಬೋರ್ಡಿನ ಪುಟ ಬೇಕು, ಕಾಳುಮೆಣಸಿಗೆ ಕೊಚ್ಚಿಯ ಧಾರಣೆ ಬೇಕು. ಕಣದಲ್ಲಿ ಹರಡಿದ ಕಾಫಿ ಒಣಗುವ ಮೊದಲೇ ಮೋಡ ಕವಿದರೆ ಎಂದು ಹವಾಮಾನ ಇಲಾಖೆಯ ಮುನ್ಸೂಚನೆ ತೆರೆದೇ ಇರುತ್ತದೆ. ಇದರ ಜೊತೆಗೆ ಪಹಣಿಯ ಪುಟ, ಬ್ಯಾಂಕಿನ ಪುಟ. ಇಪ್ಪತ್ತೈದು ಟ್ಯಾಬ್ ದಾಟಿದರೆ ಮೇಲಿನ ಸಾಲಿನಲ್ಲಿ ಹೆಸರುಗಳು ಎರಡು ಮೂರು ಅಕ್ಷರಕ್ಕೆ ಇಳಿಯುತ್ತವೆ. ಬದಿಯ ಪಟ್ಟಿಯಲ್ಲಾದರೆ ಕಾಫಿ ಬೋರ್ಡಿನ ಪುಟ ತಾಯಿಯಾಗಿ, ಅದರ ಕೆಳಗೆ ಲಂಡನ್, ನ್ಯೂಯಾರ್ಕ್, ರೂಪಾಯಿ ದರ ಮಕ್ಕಳಾಗಿ ಪೂರ್ತಿ ಹೆಸರಿನೊಡನೆ ನಿಲ್ಲುತ್ತವೆ. ಒಂದನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟರೆ ಅದು ಮಗುವಾಗುತ್ತದೆ. ಎಫ್1 ಗುಂಡಿ ಒತ್ತಿದರೆ ಪಟ್ಟಿ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ತೊಡಕು ಶುರುವಾಗುವುದು ಸೆಟ್ಟಿಂಗ್ಸ್ ತೆರೆದಾಗ. ಪುಟದ ಮೇಲೆ ಪುಟ ಆಯ್ಕೆಗಳು, ಪರಿಣತರಿಗೆಂದೇ ಮತ್ತೊಂದು ಕಂತೆ. ಆ ಪರಿಣತರ ಆಯ್ಕೆಗಳನ್ನು ಮುಟ್ಟದೆ ಬಿಡುವುದು ಒಳ್ಳೆಯದು. ದಿನಬಳಕೆಯಲ್ಲಿ ವ್ಯತ್ಯಾಸ ಕಾಣುವುದು ಮೂರು ನಾಲ್ಕು ನಿರ್ಧಾರಗಳಿಂದ ಮಾತ್ರ.

ಮೊದಲನೆಯದು, ಹೊಸ ಟ್ಯಾಬ್ ಎಲ್ಲಿ ಕೂರಬೇಕು ಎಂಬುದು. ಪುಟದೊಳಗಿನ ಕೊಂಡಿಯಿಂದ ತೆರೆದದ್ದು ಆ ಪುಟದ ಮಗುವಾಗುತ್ತದೆ, ಅದು ಸರಿಯೇ. ಖಾಲಿ ಟ್ಯಾಬನ್ನು ಮಾತ್ರ ಬೇರೆ ಬುಡವಾಗಿ ಇಡುವಂತೆ ಆರಿಸಬೇಕು. ಇಲ್ಲದಿದ್ದರೆ ಮಗನ ಶಾಲೆಯ ಫೀಸು ಕಟ್ಟಲು ತೆರೆದ ಪುಟ ಲಂಡನ್ ಧಾರಣೆಯ ಕೆಳಗೆ ಹೋಗಿ ಸೇರಬಹುದು.

ಹೆಚ್ಚು ಗಮನ ಬೇಡುವುದು ತಾಯಿ ಟ್ಯಾಬನ್ನು ಮುಚ್ಚುವ ಸಂದರ್ಭ. ತೋಟದಲ್ಲಿ ನೆರಳಿನ ಮರ ಉರುಳಿದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಜೊತೆಗೇ ನೆಲಕ್ಕೆ ಬರುತ್ತದೆ. ಇಲ್ಲಿ ಹಾಗಾಗಬೇಕೋ ಬೇಡವೋ ಎಂದು ಮೊದಲೇ ಹೇಳಿಡಬಹುದು. ಮೊದಲ ಮಗುವಿಗೆ ತಾಯಿಯ ಸ್ಥಾನ ಕೊಡುವುದು, ಎಲ್ಲ ಮಕ್ಕಳನ್ನೂ ಒಂದು ಮೆಟ್ಟಿಲು ಮೇಲಕ್ಕೆ ತರುವುದು, ಇಡೀ ಮರವನ್ನೇ ಮುಚ್ಚುವುದು, ಹೀಗೆ ಹಲವು ದಾರಿಗಳಿವೆ. ಬಿಡಿಸಿದ ಮರಕ್ಕೊಂದು ನಿಯಮ, ಮಡಚಿದ ಮರಕ್ಕೊಂದು ನಿಯಮ ಇರುವುದೇ ಹೊಸಬರನ್ನು ಗೊಂದಲಕ್ಕೆ ಕೆಡಹುತ್ತದೆ. ಮಡಚಿದ ಮರ ಒಂದೇ ಸಾಲಾಗಿ ಕಾಣುತ್ತದೆ. ಅದನ್ನು ಮುಚ್ಚಿದರೆ ಒಳಗೆ ಹನ್ನೆರಡು ಪುಟಗಳಿದ್ದರೂ ಎಲ್ಲವೂ ಹೋಗುತ್ತವೆ. ಹಲವು ಟ್ಯಾಬ್ ಒಟ್ಟಿಗೆ ಮುಚ್ಚುವಾಗ ಎಚ್ಚರಿಸುವ ಆಯ್ಕೆಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ಕೈತಪ್ಪಿ ಹೋದದ್ದನ್ನು ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿ ಹಿಂದಕ್ಕೆ ಕರೆಯಬಹುದು.

ಒಂದು ಮರ ತೆರೆದರೆ ಉಳಿದವು ತಾವಾಗಿ ಮಡಚಿಕೊಳ್ಳುವ ಆಯ್ಕೆಯೂ ಇದೆ. ಚಿಕ್ಕ ಲ್ಯಾಪ್‌ಟಾಪಿಗೆ ಅದು ಅನುಕೂಲ. ಆದರೆ ಎರಡು ಮರಗಳ ನಡುವೆ ಬೆಲೆ ಹೋಲಿಸಿ ನೋಡುವವರಿಗೆ ಪ್ರತಿ ಸಲ ಮುಚ್ಚಿ ತೆರೆಯುವುದು ತಲೆನೋವು. ಅವರು ಈ ಆಯ್ಕೆಯನ್ನು ತೆಗೆದುಹಾಕಿ ಮರಗಳನ್ನು ಕೈಯಾರೆ ಮಡಚಿಕೊಳ್ಳುವುದೇ ಮೇಲು.

ಪಟ್ಟಿ ಬದಿಗೆ ಬಂದರೂ ಮೇಲಿನ ಹಳೆಯ ಸಾಲು ಹಾಗೆಯೇ ಉಳಿದು ಅದೇ ಟ್ಯಾಬ್‌ಗಳು ಎರಡು ಕಡೆ ಕಾಣುತ್ತವೆ. ಇದು ಅಳವಡಿಕೆಯ ತಪ್ಪಲ್ಲ. 2017ರ ನಂತರದ ನಿಯಮದಂತೆ ಬ್ರೌಸರಿನ ಸ್ವಂತ ಸಾಲನ್ನು ಅಳಿಸುವ ಅಧಿಕಾರ ಆ್ಯಡ್‌ಆನ್‌ಗಿಲ್ಲ. ಯೂಸರ್‌ಕ್ರೋಮ್ ಎಂಬ ಹೆಸರಿನ ಸಿಎಸ್‌ಎಸ್ ಕಡತವನ್ನು ಪ್ರೊಫೈಲ್ ಫೋಲ್ಡರಿನೊಳಗೆ ಕ್ರೋಮ್ ಎಂಬ ಫೋಲ್ಡರಿನಲ್ಲಿಟ್ಟು, ಅದನ್ನು ಓದುವಂತೆ ಬ್ರೌಸರಿನ ಒಳ ಸೆಟ್ಟಿಂಗನ್ನೂ ಬದಲಿಸಿದರೆ ಮೇಲಿನ ಸಾಲು ಹೋಗುತ್ತದೆ. ಬ್ರೌಸರ್ ಹೊಸದಾದಾಗ ಆ ಕಡತ ಕೆಡುವ ಸಾಧ್ಯತೆ ಇರುವುದರಿಂದ ಅದರ ಅಭ್ಯಾಸವಿಲ್ಲದವರು ಸಾಲನ್ನು ಹಾಗೇ ಬಿಡುವುದು ಕ್ಷೇಮ. 2025ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 136ರಲ್ಲಿ ಬದಿಯ ಟ್ಯಾಬ್ ಪಟ್ಟಿ ಬ್ರೌಸರಿನಲ್ಲೇ ಸಿಕ್ಕಿತು. ಆದರೆ ಅದು ಸಪಾಟು ಪಟ್ಟಿ, ತಾಯಿ ಮಕ್ಕಳ ಸಂಬಂಧ ಅದರಲ್ಲಿ ಕಾಣುವುದಿಲ್ಲ.

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಕೊಡಗಿನಲ್ಲಿ ಹೊಸತಲ್ಲ. ಕಂಪ್ಯೂಟರ್ ಏಕಾಏಕಿ ಆರಿದರೆ ಮರ ಉಳಿಯುವುದೇ? ಟ್ಯಾಬ್‌ಗಳನ್ನು ಮತ್ತೆ ತರುವುದು ಫೈರ್‌ಫಾಕ್ಸಿನ ಕೆಲಸ, ಮರದ ಆಕಾರವೂ ಅದರ ಜೊತೆಗೇ ದಾಖಲಾಗಿರುತ್ತದೆ. ಹಾಗಾಗಿ ಬ್ರೌಸರಿನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಹಿಂದಿನ ಕಿಟಕಿ ಮತ್ತು ಟ್ಯಾಬ್‌ಗಳನ್ನು ತೆರೆಯುವ ಆಯ್ಕೆಗೆ ಗುರುತು ಹಾಕಬೇಕು. ಮರಳಿ ಬಂದ ಟ್ಯಾಬ್‌ಗಳು ಒತ್ತಿದಾಗ ಮಾತ್ರ ಪುಟ ಇಳಿಸಿಕೊಳ್ಳುವುದರಿಂದ ನೆಟ್‌ವರ್ಕ್ ಕುಂಟುವ ಊರಿನಲ್ಲೂ ಹೊರೆಯಾಗುವುದಿಲ್ಲ. ವರ್ಷವಿಡೀ ಬೇಕಾಗುವ ಮರವನ್ನು ಬುಕ್‌ಮಾರ್ಕಿನಲ್ಲಿ ಉಳಿಸುವುದು ಇನ್ನೂ ಭದ್ರ. ಅದಕ್ಕೆ ಆ್ಯಡ್‌ಆನ್ ಬುಕ್‌ಮಾರ್ಕ್ ಬಳಸುವ ಅನುಮತಿಯನ್ನು ಬೇರೆಯಾಗಿ ಕೇಳುತ್ತದೆ.

ಖಾಸಗಿ ಕಿಟಕಿಯಲ್ಲಿ ಆ್ಯಡ್‌ಆನ್ ತಾನಾಗಿ ಓಡುವುದಿಲ್ಲ. ಬೇಕಿದ್ದವರು ಫೈರ್‌ಫಾಕ್ಸಿನ ಆ್ಯಡ್‌ಆನ್ ಪುಟದಲ್ಲಿ ಒಪ್ಪಿಗೆ ಕೊಡಬೇಕು. ಎಲ್ಲವೂ ಮನಸ್ಸಿಗೆ ಒಪ್ಪುವಂತಾದ ಮೇಲೆ ಸೆಟ್ಟಿಂಗ್ಸ್‌ನಲ್ಲೇ ಇರುವ ರಫ್ತು ಸೌಲಭ್ಯದಿಂದ ಇಡೀ ಅಳವಡಿಕೆಯನ್ನು ಒಂದು ಕಡತವಾಗಿ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ, ಹೊಸ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ಆಮದು ಮಾಡಿ ಹಳೆಯ ನಿಯಮಗಳನ್ನೇ ಮುಂದುವರಿಸಬಹುದು.