ಮಡ್ಡಿಯ ಹಾದಿಗಳಲ್ಲಿ ಓಟ: ಬೋರಾಮಣಿಯ ಸುತ್ತಮುತ್ತ

ಸೂರ್ಯೋದಯಕ್ಕೆ ಇನ್ನೂ ಒಂದು ಗಳಿಗೆ ಇರುವಾಗ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಪಯಣಿಸಿದವರು ಒಂದು ನೋಟವನ್ನು ಕಂಡೇ ಇರುತ್ತಾರೆ. ರಸ್ತೆಯ ಅಂಚಿನ ಬಿಳಿಯ ಗೆರೆಯ ಮೇಲೆ ಹಳ್ಳಿಯ ಹುಡುಗರು ಸಾಲಾಗಿ ಓಡುತ್ತಿರುತ್ತಾರೆ. ಅವರ ಹಿಂದೆ ಓಢಣಿಯನ್ನು ನಡುವಿಗೆ ಬಿಗಿದುಕೊಂಡ ಇಬ್ಬರು ಮೂವರು ಹುಡುಗಿಯರು. ಇವರಾರೂ ಪದಕಕ್ಕಾಗಿ ಓಡುವವರಲ್ಲ. ಪೊಲೀಸ್ ಭರ್ತಿಯಲ್ಲಿ ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್ ಓಟದ ಪರೀಕ್ಷೆ ಉಂಟು. ಸೈನ್ಯದ ಭರ್ತಿಯಲ್ಲಿಯೂ ಓಟದ ಪರೀಕ್ಷೆಯನ್ನು ದಾಟಲೇಬೇಕು. ಮಳೆಯನ್ನೇ ನಂಬಿದ ನಮ್ಮ ಗಡಿನಾಡಿನ ಒಕ್ಕಲು ಮನೆಗಳಲ್ಲಿ ಈ ಓಟವೆಂದರೆ ಅನ್ನದ ದಾರಿ.

ಎರಡು ವರ್ಷಗಳ ಹಿಂದೆ, ಚಳಿಗಾಲದ ಒಂದು ಮುಂಜಾನೆ, ನಮ್ಮ ಮನೆಯ ಹುಡುಗನೊಬ್ಬನ ಮೊಣಕೈಗೆ ಹಿಂದಿನಿಂದ ಬಂದ ಲಾರಿಯ ಕನ್ನಡಿ ತಗಲಿತು. ದೈವದ ದಯೆ, ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಎಲುಬು ಬಿರಿದು, ಕೈಗೆ ಪಟ್ಟಿ ಬಿದ್ದು, ಆ ವರ್ಷದ ಭರ್ತಿ ತಪ್ಪಿಹೋಯಿತು. ಅವನ ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: “ಊರ ಸುತ್ತ ಇಷ್ಟೊಂದು ಮಡ್ಡಿ ಬಿದ್ದದ. ಈ ಹುಡುಗರಿಗೆ ಓಡಲಿಕ್ಕೆ ಬೇರೆ ಜಾಗ ಇರಲಿಲ್ಲೇನು?” ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರದ ಎರಡು ಚಳಿಗಾಲಗಳಲ್ಲಿ ಆ ಹುಡುಗನನ್ನೂ ಅವನ ಗೆಳೆಯರನ್ನೂ ಕರೆದುಕೊಂಡು, ಕೆಲವು ಕಡೆ ಓಡುತ್ತ, ಹಲವು ಕಡೆ ನಡೆಯುತ್ತ, ಬೋರಾಮಣಿಯ ಸುತ್ತಣ ಹಾದಿಗಳನ್ನು ನೋಡಿ ಬಂದೆವು. ವಾಚಕರ ಮುಂದಿಡುತ್ತಿರುವುದು ಆ ಅನುಭವವನ್ನೇ.

ನೆಲದ ಗುಣ

ಪಟ್ಟಣಿಗರು ‘ಟ್ರೇಲ್ ರನ್ನಿಂಗ್’ ಎಂದು ಕರೆಯುವ ಕಾಲುದಾರಿಯ ಓಟ ಇಂದು ಜಗತ್ತಿನ ಅನೇಕ ಕಡೆ ಜನಪ್ರಿಯವಾಗಿದೆ. ಡಾಂಬರು ರಸ್ತೆಯನ್ನು ಬಿಟ್ಟು ಬೆಟ್ಟ, ಬಯಲು, ಮರಳುಗಾಡುಗಳಲ್ಲಿ ಓಡುವುದೇ ಅದರ ಸಾರ. ಎತ್ತರದ ಮರುಭೂಮಿ ಎಂದೊಡನೆ ನಮ್ಮ ದೇಶದಲ್ಲಿ ನೆನಪಾಗುವುದು ಲಡಾಖ್. ಸುಮಾರು 3500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ 2012ರಿಂದ ಮ್ಯಾರಥಾನ್ ನಡೆಯುತ್ತಿದೆ. ಖಾರ್ದುಂಗ್ ಲಾ ಕಣಿವೆಯನ್ನು ಹತ್ತಿಳಿಯುವ 72 ಕಿಲೋಮೀಟರಿನ ಓಟವೂ ಅಲ್ಲಿ ಉಂಟು. ಅಲ್ಲಿಗೆ ಹೋದವರು ತೆಳುವಾದ ಗಾಳಿಗೆ ದೇಹ ಒಗ್ಗುವವರೆಗೆ ಹಲವು ದಿನ ಕಾಯಲೇಬೇಕು.

ನಮ್ಮ ಸೀಮೆ ಅಷ್ಟು ಎತ್ತರದ್ದಲ್ಲ, ಅಷ್ಟು ಒಣಗಿದ್ದೂ ಅಲ್ಲ. ಸೊಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 460 ಮೀಟರ್ ಎತ್ತರದಲ್ಲಿದೆ. ಆದರೂ ದಖನ್ನಿನ ಈ ಪ್ರಸ್ಥಭೂಮಿ ಮರುಭೂಮಿಗೆ ದಾಯಾದಿಯೆಂದರೆ ತಪ್ಪಾಗದು. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯಲ್ಲಿಯೇ ಬರಿದಾಗಿ ಇತ್ತ ಸಾಗುತ್ತವೆ. ಮಹಾಬಳೇಶ್ವರದಲ್ಲಿ ಸುರಿಯುವ ಮಳೆಯ ಹತ್ತರಲ್ಲೊಂದು ಪಾಲು, ಅಂದರೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ನಮ್ಮ ಪಾಲಿನದು. ವೈಶಾಖದ ಬಿಸಿಲು 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಲಡಾಖದಲ್ಲಿ ಓಟಗಾರನಿಗೆ ಉಸಿರು ಸಾಲದು. ಇಲ್ಲಿ ನೀರು ಸಾಲದು.

ನಮ್ಮ ರೈತನು ನೆಲವನ್ನು ಎರಡಾಗಿ ವಿಂಗಡಿಸುತ್ತಾನೆ: ಎರೆ ಮತ್ತು ಮಡ್ಡಿ. ಓಟಗಾರನಿಗೂ ಈ ವಿಂಗಡಣೆಯೇ ದಾರಿದೀಪ. ಎರೆಯ ಕರಿಮಣ್ಣು ಬಿಳಿಜೋಳಕ್ಕೆ ತಾಯಿಯಿದ್ದಂತೆ, ಆದರೆ ಪಾದಕ್ಕೆ ಮಲತಾಯಿ. ಮಳೆಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕೆಸರು ಮೆತ್ತಿ ಒಂದೊಂದು ಬೂಟೂ ಒಂದೊಂದು ಗುಂಡಾಗುತ್ತದೆ. ಬೇಸಗೆಯಲ್ಲಿ ಅದೇ ನೆಲ ಬಿರಿದು, ಹಿಮ್ಮಡಿ ಸಿಕ್ಕಿಕೊಳ್ಳುವಂಥ ಬಿರುಕುಗಳನ್ನು ತೋರುತ್ತದೆ. ಮಡ್ಡಿಯ ಗುಣವೇ ಬೇರೆ. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿದ ಕಪ್ಪುಕಲ್ಲು ಕಾಲಾಂತರದಲ್ಲಿ ಪುಡಿಯಾಗಿ ಗರಸಾಗಿದೆ. ಮೇಲುಮಣ್ಣು ಗೇಣುದ್ದವೂ ಇಲ್ಲ. ಮಳೆ ನಿಂತು ಸ್ವಲ್ಪ ಹೊತ್ತಿನಲ್ಲಿಯೇ ನೀರು ಇಳಿದುಹೋಗಿ ನೆಲ ಗಟ್ಟಿಯಾಗುತ್ತದೆ. ಬೇಸಾಯಕ್ಕೆ ಒಲ್ಲದ ಈ ಗುಣವೇ ಓಟಕ್ಕೆ ಒಲಿದದ್ದು.

ಬೋರಾಮಣಿಯ ಮಾಳ

ಸೊಲ್ಲಾಪುರದಿಂದ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಬೋರಾಮಣಿ. ಊರನ್ನು ಬಿಟ್ಟು ಹೊರಗೆ ಬಂದರೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಮರಗಳು ವಿರಳ, ಅಲ್ಲೊಂದು ಜಾಲಿ, ಇಲ್ಲೊಂದು ಬಾರಿ. ಮಳೆಗಾಲದ ಕೊನೆಗೆ ಹಸಿರಾಗಿ, ದೀಪಾವಳಿಯ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುವ ಕರಡ ಹುಲ್ಲಿನ ನಡುವೆ ಕುರಿಗಾರರ ಕಾಲುದಾರಿಗಳೂ ಚಕ್ಕಡಿಯ ಹಾದಿಗಳೂ ಹರಿದಾಡಿವೆ. ಏರಿಳಿತ ಕಡಿಮೆ. ಮೊದಲ ಬಾರಿಗೆ ಡಾಂಬರು ಬಿಟ್ಟವರಿಗೆ ಇದಕ್ಕಿಂತ ಸೌಮ್ಯವಾದ ಗುರು ಸಿಗಲಾರ. ಆದರೆ ಹಾದಿಯಲ್ಲಿ ಸಣ್ಣ ಕಲ್ಲುಗಳು ಬಹಳ. ದೃಷ್ಟಿ ಸದಾ ನಾಲ್ಕು ಹೆಜ್ಜೆ ಮುಂದಿರಬೇಕು.

ಈ ಮಾಳ ಬರಿಯ ಬಯಲಲ್ಲ. ತೋಳ, ನರಿ, ಕೃಷ್ಣಮೃಗಗಳು ಇಲ್ಲಿಯ ನಿವಾಸಿಗಳು. ನಮ್ಮವರು ಎರೆಭೂತವೆಂದೂ ಮರಾಠಿಗರು ಮಾಳಢೋಕವೆಂದೂ ಕರೆಯುವ ದೊಡ್ಡ ಹಕ್ಕಿಯ ನೆಲೆಗಳಲ್ಲಿ ಇದೂ ಒಂದು. ಹದಿನೈದು ಕಿಲೋಗ್ರಾಂವರೆಗೆ ತೂಗುವ ಆ ಪಕ್ಷಿ ಗೂಡು ಕಟ್ಟದು. ಮಳೆಗಾಲದಲ್ಲಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಇಡೀ ಜಗತ್ತಿನಲ್ಲಿ ಕಾಡಿನಲ್ಲಿ ಬದುಕಿರುವ ಎರೆಭೂತಗಳ ಸಂಖ್ಯೆ ಇಂದು ಇನ್ನೂರನ್ನು ಮುಟ್ಟದು. ನಮ್ಮ ಜಿಲ್ಲೆಯಲ್ಲಿ ಅದರ ದರ್ಶನವೇ ದುರ್ಲಭವಾಗಿದೆ. ನಾವು ಈ ಎರಡು ವರ್ಷಗಳಲ್ಲಿ ಒಮ್ಮೆಯೂ ಕಾಣಲಿಲ್ಲ.

2025ರಲ್ಲಿ ಇದೇ ಹುಲ್ಲುಗಾವಲಿನಲ್ಲಿ ವನ್ಯಜೀವಿಗಳನ್ನು ಗಮನಿಸುತ್ತಿದ್ದ ಸೊಲ್ಲಾಪುರದ ನಿಸರ್ಗಪ್ರೇಮಿಗಳಿಗೆ ನೆಲದ ಮೇಲೆ ಕಲ್ಲುಗಳನ್ನು ಜೋಡಿಸಿದ ಒಂದು ದುಂಡನೆಯ ಚಕ್ರವ್ಯೂಹ ಕಂಡಿತು. ನಮ್ಮ ಮಕ್ಕಳು ಪಾಟಿಯ ಮೇಲೆ ಬರೆದು ಆಡುವ ಏಳು ಸುತ್ತಿನ ಕೋಟೆಯ ಜಾತಿಯದೇ ಇದು. ಆದರೆ ಇದಕ್ಕೆ ಹದಿನೈದು ಸುತ್ತುಗಳು. ಇದು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಿರಬಹುದೆಂದೂ, ಸಾತವಾಹನರ ಕಾಲದಲ್ಲಿ ರೋಮಿನೊಡನೆ ನಡೆದ ವ್ಯಾಪಾರಕ್ಕೆ ಸಂಬಂಧಿಸಿರಬಹುದೆಂದೂ ಪುರಾತತ್ತ್ವದ ಅಭ್ಯಾಸಕರ ಅಭಿಪ್ರಾಯ. ಕುರಿಯ ಗೊರಸು ತಾಕಿದರೂ ಅಲುಗುವಷ್ಟು ಚಿಕ್ಕ ಕಲ್ಲುಗಳು ಇಷ್ಟು ಕಾಲ ಉಳಿದು ಬಂದದ್ದು, ಈ ನೆಲವನ್ನು ಯಾರೂ ಉಳದೆ ಬಿಟ್ಟದ್ದರಿಂದ. ಓಡುವವರು ಇಂಥ ಕಲ್ಲಿನ ಸಾಲನ್ನು ಕಂಡರೆ ದೂರದಿಂದಲೇ ಕೈಮುಗಿದು ಬಳಸಿ ಹೋಗಬೇಕು, ಒಳಗೆ ಕಾಲಿಡಬಾರದು.

ಬೋರಾಮಣಿಯಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಯೋಜನೆಗಾಗಿ ಭೂಮಿಯನ್ನು ಪಡೆದು ವರ್ಷಗಳು ಕಳೆದವು. 2025ರಲ್ಲಿ ಸೊಲ್ಲಾಪುರಕ್ಕೆ ವಿಮಾನ ಸಂಚಾರ ಆರಂಭವಾದದ್ದು ಹೋಟಗಿ ರಸ್ತೆಯ ಹಳೆಯ ನಿಲ್ದಾಣದಿಂದ. ಯೋಜನೆಯ ಜಮೀನು ಅಥವಾ ಅರಣ್ಯ ಇಲಾಖೆಯ ಜಮೀನು ಎಂಬ ಫಲಕವಿದ್ದಲ್ಲಿ, ಬೇಲಿಯಿದ್ದಲ್ಲಿ ಒಳಹೊಗದೆ, ಊರವರು ನಿತ್ಯ ಬಳಸುವ ಚಕ್ಕಡಿ ಹಾದಿಯಲ್ಲಿಯೇ ಓಡಿ ಹಿಂದಿರುಗುವುದು ಲೇಸು.

ಕೆರೆಯ ಏರಿಗಳು

ಸಮನಾದ ನೆಲದಲ್ಲಿ ವೇಗವನ್ನು ಸಾಧಿಸಬೇಕೆನ್ನುವವರಿಗೆ ಕೆರೆಯ ಪರಿಸರವೇ ಉತ್ತಮ. ಸೊಲ್ಲಾಪುರದಿಂದ ತುಳಜಾಪುರದ ಹಾದಿಯಲ್ಲಿರುವ ಹಿಪ್ಪರಗಿಯ ಕೆರೆ 1871ರಲ್ಲಿ ಪೂರ್ಣಗೊಂಡದ್ದು. ಏಕರೂಕ ಕೆರೆಯೆಂಬ ಹೆಸರೂ ಅದಕ್ಕುಂಟು. ಅಕ್ಕಲಕೋಟೆಯ ಕಡೆಯವರಿಗೆ ಬೋರಿ ನದಿಯ ಕುರನೂರು ಅಣೆಕಟ್ಟಿನ ಸುತ್ತಣ ಹಾದಿಗಳಿವೆ. ಅಣೆಕಟ್ಟಿನ ಒಡ್ಡಿನ ಮೇಲೆ ಪ್ರವೇಶ ನಿಷಿದ್ಧವಾಗಿದ್ದರೆ ಹಿನ್ನೀರಿನ ದಂಡೆಯ ಹಾದಿಯನ್ನು ಹಿಡಿಯಬೇಕು. ಇವಲ್ಲದೆ 1972ರ ಬರಗಾಲದಲ್ಲಿ ನಮ್ಮ ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ ಚಿಕ್ಕ ಇಂಗುಕೆರೆಗಳು ಎಷ್ಟೋ ಹಳ್ಳಿಗಳಲ್ಲಿವೆ. ಅವುಗಳ ಏರಿ ಅನೇಕ ಕಡೆ ಗಟ್ಟಿಯಾಗಿ, ನೇರವಾಗಿ ಉಳಿದಿದೆ. ಅಜ್ಜ-ಅಜ್ಜಿಯರು ಕೂಲಿಗಾಗಿ ಹಾಕಿದ ಮಣ್ಣಿನ ಮೇಲೆ ಮೊಮ್ಮಕ್ಕಳು ನೌಕರಿಗಾಗಿ ಓಡುವುದನ್ನು ನೋಡಿದಾಗ ನಮ್ಮ ಮನಸ್ಸು ತುಂಬಿ ಬಂತು.

ಚಳಿಗಾಲದಲ್ಲಿ ಈ ಕೆರೆಗಳ ಸೀಮೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಲಡಾಖದ ಎತ್ತರದ ಸರೋವರಗಳಲ್ಲಿಯೂ ಅದರಾಚೆಯ ಮಧ್ಯ ಏಷ್ಯದಲ್ಲಿಯೂ ಮರಿ ಮಾಡಿ, ಹಿಮಾಲಯದ ಮೇಲೆ ಹಾರಿ, ದಖನ್ನಿನ ಕೆರೆಗಳನ್ನು ಸೇರುವ ಜಾತಿ ಇದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕೀರ್ತಿ ತಂದ ಹಕ್ಕಿಯೂ ಇದೇ. ಎತ್ತರದ ಮರುಭೂಮಿಯ ಈ ಪ್ರವಾಸಿಗಳಿಗೆ ನಮ್ಮ ಒಣ ಸೀಮೆಯೇ ಚಳಿಗಾಲದ ತವರು. ಅವು ದಂಡೆಯಲ್ಲಿ ಮೇಯುತ್ತಿರುವಾಗ ಕೂಗಾಟ ಮಾಡದೆ ದೂರದಿಂದ ಸಾಗಬೇಕು.

ಹೊಳೆಯ ದಂಡೆ

ತಿಂಗಳಿಗೊಮ್ಮೆ ದೀರ್ಘವಾದ ಓಟಕ್ಕೆ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ-ಕೂಡಲಕ್ಕೆ ಹೋಗಬಹುದು. ಸೀನಾ ನದಿ ಭೀಮೆಯನ್ನು ಕೂಡುವ ಈ ಪುಣ್ಯಸ್ಥಳದಲ್ಲಿ ಮುನ್ನೂರಕ್ಕೂ ಹೆಚ್ಚು ಮುಖಗಳನ್ನು ಕೊರೆದ ಅಪೂರ್ವವಾದ ಲಿಂಗವಿದೆ; ಮರಾಠಿಯ ಅತಿ ಪ್ರಾಚೀನ ಶಾಸನಗಳಲ್ಲಿ ಎಣಿಸಲಾಗುವ 1018ರ ಶಾಸನವೂ ಇಲ್ಲಿಯದೇ. ದಂಡೆಯ ಹೊಲಗಳ ನಡುವಿನ ಬಂಡಿದಾರಿಯಲ್ಲಿ ನೆರಳೂ ಇದೆ, ಜನರೂ ಇದ್ದಾರೆ. ಆದರೆ ಇಲ್ಲಿ ಎರೆಮಣ್ಣು ಹೆಚ್ಚಾದುದರಿಂದ ಮಳೆಗಾಲ ವರ್ಜ್ಯ. ಬದುವಿನ ಮೇಲೆ ಓಡಬೇಕಾದರೆ ಹೊಲದ ಒಡೆಯನನ್ನು ಒಂದು ಮಾತು ಕೇಳಬೇಕು. ಕೇಳಿದಲ್ಲೆಲ್ಲ ನಮಗೆ ಅನುಮತಿಯ ಜೊತೆಗೆ ಸೀತನಿಯೂ ಸಿಕ್ಕಿತೆಂಬುದನ್ನು ಸಂತೋಷದಿಂದ ಹೇಳುತ್ತೇವೆ.

ಓಡಬಾರದ ಸ್ಥಳ

ಸೊಲ್ಲಾಪುರದ ಉತ್ತರಕ್ಕಿರುವ ನಾನ್ನಜ್ ಪರಿಸರವನ್ನು 1979ರಲ್ಲಿ ಮಾಳಢೋಕದ ಅಭಯಾರಣ್ಯವೆಂದು ಘೋಷಿಸಲಾಯಿತು. ಅಲ್ಲಿಗೆ ಅನುಮತಿ ಪಡೆದು, ನೋಡಲು ಹೋಗಬೇಕೇ ಹೊರತು ಓಡಲು ಹೋಗಬಾರದು. ಬೋರಾಮಣಿಯಲ್ಲಿಯೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲಿನ ನಡುವಿನ ಕಾಲುದಾರಿಗಳನ್ನು ಬಿಟ್ಟುಕೊಟ್ಟು ಊರಿನ ಸಮೀಪದ ಬಂಡಿದಾರಿಗಳಲ್ಲಿಯೇ ಅಭ್ಯಾಸ ಮಾಡಬೇಕೆಂದು ನಮ್ಮ ಹುಡುಗರು ತಾವಾಗಿಯೇ ನಿಶ್ಚಯಿಸಿಕೊಂಡರು. ಆ ತಿಂಗಳುಗಳಲ್ಲಿ ನೆಲದಲ್ಲಿ ಮೊಟ್ಟೆಯಿಡುವುದು ಎರೆಭೂತವೊಂದೇ ಅಲ್ಲ. ಇನ್ನೂ ಎಷ್ಟೋ ಚಿಕ್ಕ ಹಕ್ಕಿಗಳಿಗೆ ಬರಿನೆಲವೇ ಬಾಣಂತಿಕೋಣೆ.

ಕೆಲವು ಎಚ್ಚರಿಕೆಗಳು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಅತ್ಯುತ್ತಮ. ಮಾರ್ಚ್ ಬಂತೆಂದರೆ ಬೆಳಗಿನ ಎಂಟು ಗಂಟೆಯೊಳಗೆ ಮನೆ ಸೇರಿರಬೇಕು. ದಾರಿಯಲ್ಲಿ ನೀರು ಸಿಗುತ್ತದೆಂದು ನಂಬಬಾರದು. ಒಂದು ಗಂಟೆಯ ಓಟಕ್ಕೆ ಕನಿಷ್ಠ ಅರ್ಧ ಲೀಟರ್ ನೀರು ಜೊತೆಗಿರಲಿ. ತಲೆ ಸುತ್ತಿ, ಬೆವರು ನಿಂತು, ಮಾತು ತಡವರಿಸಿದರೆ ಅದು ದಣಿವಲ್ಲ, ಬಿಸಿಲಿನ ಆಘಾತ: ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ದುಬಾರಿ ಪುಡಿಗಳ ಅವಶ್ಯಕತೆಯಿಲ್ಲ. ಓಟ ಮುಗಿದ ಮೇಲೆ ಶೇಂಗಾ-ಬೆಲ್ಲ, ಮನೆಯ ಜೋಳದ ರೊಟ್ಟಿ, ಉಪ್ಪು ಹಾಕಿದ ಮಜ್ಜಿಗೆ ಸಾಕು.

ತೋಳವನ್ನು ಕುರಿತು ತಾಯಂದಿರು ಭಯಪಡುತ್ತಾರೆ. ಮನುಷ್ಯನನ್ನು ಕಂಡರೆ ಅದು ಸಾಮಾನ್ಯವಾಗಿ ದೂರ ಸರಿಯುತ್ತದೆ. ನಿಜವಾಗಿ ಎಚ್ಚರದಿಂದಿರಬೇಕಾದುದು ಕುರಿಹಿಂಡಿನ ನಾಯಿಗಳ ವಿಷಯದಲ್ಲಿ. ಹಿಂಡು ಕಂಡೊಡನೆ ಓಟ ನಿಲ್ಲಿಸಿ, ಕುರಿಗಾರನನ್ನು ಕೂಗಿ ಮಾತನಾಡಿಸಿ, ಸಾವಕಾಶವಾಗಿ ನಡೆದು ದಾಟಬೇಕು. ಕಲ್ಲಿನ ಸಂದುಗಳಲ್ಲಿ ಮಂಡಲದ ಹಾವುಗಳಿರುವುದರಿಂದ ಬೆಳಕು ಹರಿಯುವ ಮೊದಲು ದೀಪವಿಲ್ಲದೆ ಕಾಲಿಡಬಾರದು. ಹುಲ್ಲಿನ ಮುಳ್ಳುಬೀಜಗಳು ಚುಚ್ಚದಂತೆ ಉದ್ದನೆಯ ಕಾಲುಚೀಲ ತೊಡಬೇಕು. ಒಬ್ಬರೇ ಹೋಗಬಾರದು, ಯಾವ ಹಾದಿ ಹಿಡಿಯುತ್ತೇವೆಂದು ಮನೆಯಲ್ಲಿ ಹೇಳಿ ಹೋಗಬೇಕು. ಹುಡುಗಿಯರ ಗುಂಪಿನೊಡನೆ ಹಿರಿಯರೊಬ್ಬರು ಸೈಕಲ್ ಏರಿ ಹೋದರೆ ಮನೆಯವರ ಆತಂಕವೂ ಕಡಿಮೆಯಾದೀತು. ನಮ್ಮಲ್ಲಿ ಹಾಗೆಯೇ ಆಯಿತು. ಭರ್ತಿಗೆ ಸಿದ್ಧರಾಗುವವರು ವಾರಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ಅಳತೆಯ ಓಟವನ್ನೂ ಓಡಬೇಕು, ಏಕೆಂದರೆ ಮಡ್ಡಿ ಕಾಲಿಗೆ ಬಲ ಕೊಟ್ಟೀತು, ಗಡಿಯಾರದ ಲೆಕ್ಕ ಕಲಿಸದು.

ಆ ಹುಡುಗನ ಕೈ ಈಗ ಗುಣವಾಗಿದೆ. ಭರ್ತಿಯ ಫಲ ಇನ್ನೂ ಕೈಸೇರಿಲ್ಲ. ಮುಂದಿನ ಸಲ ಮತ್ತೆ ನಿಲ್ಲುತ್ತಾನೆ. ಆದರೆ ಅವನೂ ಅವನ ಸಂಗಡಿಗರೂ ಹೆದ್ದಾರಿಯನ್ನು ಬಿಟ್ಟಿದ್ದಾರೆ. ಮೊನ್ನೆ ಅವನ ತಾಯಿಗೆ ಈ ಬರಹವನ್ನು ಓದಿ ಹೇಳಿದೆವು. ಹಕ್ಕಿಯ ಒಂದೇ ಮೊಟ್ಟೆಯ ಸಂಗತಿ ಬಂದಾಗ ಆಕೆ ಕೆಲಸ ನಿಲ್ಲಿಸಿ ಕೇಳಿದರು. ಓದಿ ಮುಗಿಸಿದ ಮೇಲೆ, “ಮಡ್ಡಿ ಸುಮ್ಮನೆ ಬಿದ್ದದ ಅಂತ ನಾ ಅಂದಿದ್ದು ತಪ್ಪಾತು ನೋಡ್ರಿ” ಎಂದರು. ಆ ತಪ್ಪು ಆಕೆಯೊಬ್ಬರದಲ್ಲ, ನಮ್ಮೆಲ್ಲರದು. ಬಂಜರೆಂದು ಕಾಗದದಲ್ಲಿ ಬರೆದ ನೆಲದಲ್ಲಿ ಕುರಿ ಮೇಯುತ್ತದೆ, ತೋಳ ಮರಿ ಮಾಡುತ್ತದೆ, ಎರಡು ಸಾವಿರ ವರ್ಷದ ಕಲ್ಲಿನ ಸಾಲು ಉಳಿದು ಬರುತ್ತದೆ. ಈಗ ನಮ್ಮ ಮಕ್ಕಳೂ ಅಲ್ಲಿ ಓಡುತ್ತಿದ್ದಾರೆ. ಅತಿಥಿಗಳಂತೆ ಹೋಗಿ, ಹೆಜ್ಜೆಯ ಗುರುತನ್ನಷ್ಟೇ ಬಿಟ್ಟು ಬಂದರೆ, ಆ ಹಾದಿ ಅವರ ಮಕ್ಕಳಿಗೂ ಉಳಿದೀತು.