ಒಂದು ಬಿಲ್ಲಿನ ಲೆಕ್ಕ, ಒಂದು ವರ್ಷದ ಲೆಕ್ಕ

ಶಿರೂರಿನಲ್ಲಿ ಹಿರಿಯರ ಆರೋಗ್ಯ ವಿಮೆಯ ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದು: "ಕಾರ್ಡ್ ಇತ್ತಲ್ದಾ, ಇನ್ನ್ ಪಾಲಿಸಿ ಎಂತಕೆ ಮಾರಾಯ್ರೆ?" (ನಾನು ಹೇಳುತ್ತಿರುವುದು ಬೈಂದೂರಿನ ಶಿರೂರು. 2024ರ ಜುಲೈಯಲ್ಲಿ ಗುಡ್ಡ ಕುಸಿದದ್ದು ಅಂಕೋಲಾದ ಶಿರೂರಿನಲ್ಲಿ.)

ಕಾರ್ಡುಗಳೆಲ್ಲ ಒಂದೇ ಅಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ಮಣಿಪಾಲದ ಆರೋಗ್ಯ ಕಾರ್ಡ್ ಅಂತೂ ವಿಮೆಯೇ ಅಲ್ಲ, ರಿಯಾಯಿತಿ ಕಾರ್ಡು. ಇರಲಿ, ಒಳ್ಳೆಯದೇ. ಆದರೆ ಬಿಲ್ಲನ್ನು ಅದು ಕಡಿಮೆ ಮಾಡುತ್ತದೆ, ಕಟ್ಟುವುದಿಲ್ಲ.

ಇವುಗಳ ಮೇಲೆ ಕೊಳ್ಳುವುದು ಪೂರಕ ವಿಮೆ. 'ಹಾಸ್ಪಿಟಲ್ ಕ್ಯಾಶ್' ದಿನಕ್ಕಿಷ್ಟು ಎಂದು ಕೊಡುತ್ತದೆ. ಖರ್ಚಿನ ಕಾಸಿಗಾದೀತು, ಬಿಲ್ಲಿಗಾಗದು. 'ಕ್ರಿಟಿಕಲ್ ಇಲ್ನೆಸ್' ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಇಡಿಗಂಟು ಕೊಡುತ್ತದೆ, ಪಟ್ಟಿಯ ಹೊರಗಿನದಕ್ಕೆ ಸೊನ್ನೆ. ನನ್ನ ಆಸಕ್ತಿ ಇರುವುದು ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್‌ನಲ್ಲಿ. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸ; ಏಜೆಂಟರೂ ಕೆಲವೊಮ್ಮೆ ಅದನ್ನು ನುಂಗಿಬಿಡುತ್ತಾರೆ.

ಎರಡರಲ್ಲೂ 'ಡಿಡಕ್ಟಿಬಲ್' ಎಂಬ ಗಡಿ ಇದೆ. ಖರ್ಚು ಅದನ್ನು ದಾಟಿದ ಮೇಲಿನದ್ದನ್ನು ಮಾತ್ರ ಕಂಪನಿ ಕೊಡುತ್ತದೆ. ಅದಕ್ಕೇ ಪ್ರೀಮಿಯಂ ಅಗ್ಗ. ಗಡಿಯೊಳಗಿನ ಹಣ ಇನ್ನೊಂದು ಪಾಲಿಸಿಯಿಂದಲೇ ಬರಬೇಕೆಂದಿಲ್ಲ, ಕೈಯಿಂದ ಕಟ್ಟಿದರೂ ಆಗುತ್ತದೆ.

ಮಗ ಬೆಂಗಳೂರಿನಲ್ಲಿದ್ದಾನೆ, ಅವನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ-ಅಮ್ಮನಿಗೆ 3 ಲಕ್ಷ ಇದೆ ಎನ್ನಿ. ಅಪ್ಪಯ್ಯ ಆಷಾಢದ ಮಳೆಗೆ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು: 2.5 ಲಕ್ಷ. ಡಿಸೆಂಬರಿನಲ್ಲಿ ಹೃದಯಕ್ಕೆ ಸ್ಟೆಂಟ್: 2.8 ಲಕ್ಷ. ಒಟ್ಟು 5.3 ಲಕ್ಷ. ಮಗನ ಕಂಪನಿಯ 3 ಲಕ್ಷ ಮುಗಿದ ಮೇಲೆ 2.3 ಲಕ್ಷ ಉಳಿಯಿತು. 3 ಲಕ್ಷ ಡಿಡಕ್ಟಿಬಲ್‌ನ ಸಾದಾ ಟಾಪ್-ಅಪ್ ಇದ್ದರೆ ಎಷ್ಟು ಸಿಕ್ಕೀತು? ಒಂದು ಪೈಸೆಯೂ ಇಲ್ಲ. ಅದು ಪ್ರತಿ ದಾಖಲಾತಿಯನ್ನೂ ಹೊಸದಾಗಿ ಅಳೆಯುತ್ತದೆ. ಎರಡರಲ್ಲಿ ಯಾವ ಬಿಲ್ಲೂ ತಾನೊಂದೇ 3 ಲಕ್ಷ ದಾಟಲಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸಿ ಅಳೆಯುತ್ತದೆ, ಷರತ್ತುಗಳಿಗೆ ಒಳಪಟ್ಟರೆ ಆ 2.3 ಲಕ್ಷವನ್ನೂ ಕೊಡುತ್ತದೆ. ಮುಪ್ಪಿನಲ್ಲಿ ಕಾಯಿಲೆ ಒಂದೇ ಏಟಿಗೆ ಬಂದು ಹೋಗುವುದಿಲ್ಲ, ಮತ್ತೆ ಮತ್ತೆ ಅಡ್ಮಿಟ್ ಮಾಡಿಸುತ್ತದೆ. ಹಾಗಾಗಿ ಹಿರಿಯರಿಗೆ ಸಾದಾ ಟಾಪ್-ಅಪ್ಪನ್ನು ನಾನು ಯಾರಿಗೂ ಹೇಳುವುದಿಲ್ಲ.

ಇಲ್ಲೂ ಒಂದು ಸಿಕ್ಕು. "ವರ್ಷ" ಎಂದರೆ ಆ ಪಾಲಿಸಿಯ ವರ್ಷ. ಸೂಪರ್ ಟಾಪ್-ಅಪ್ಪನ್ನು ಅಕ್ಟೋಬರಿನಲ್ಲಿ ಕೊಂಡಿದ್ದರೆ, ಮಳೆಗಾಲದ ಸೊಂಟದ ಬಿಲ್ಲು ಅದರ ಲೆಕ್ಕಕ್ಕೇ ಬರುವುದಿಲ್ಲ. ಇದರ ಮತ್ತು ಗ್ರೂಪ್ ಪಾಲಿಸಿಯ ನವೀಕರಣದ ತಿಂಗಳು ಹೊಂದಿಸಿಕೊಂಡರೆ ಈ ತಲೆನೋವಿಲ್ಲ. ಮಗ ಕೆಲಸ ಬಿಟ್ಟರೆ ಗ್ರೂಪ್ ವಿಮೆಯೂ ಹೋಗುತ್ತದೆ, ಡಿಡಕ್ಟಿಬಲ್ ಮಾತ್ರ ನಿಮ್ಮ ಪಾಲಿಗೆ ಉಳಿಯುತ್ತದೆ ಎಂಬುದೂ ನೆನಪಿರಲಿ.

"ವಯಸ್ಸಾಯ್ತು, ಯಾರೂ ಕೊಡುವುದಿಲ್ಲ" ಎಂಬ ಮಾತು ಹಳೆಯದು. ಕನಿಷ್ಠ 65ರವರೆಗಾದರೂ ಹೊಸ ಪಾಲಿಸಿ ಕೊಡಬೇಕೆಂದಷ್ಟೇ ಇದ್ದ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ಬದಲಿಸಿ, ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕೆಂದಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯ ಮೇಲ್ಮಿತಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿದಿದೆ. ಬಿಪಿ, ಶುಗರ್ ಮಾತ್ರೆ ನುಂಗುತ್ತಿದ್ದರೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟದ್ದು ಹೊರಬರುವುದು ಕ್ಲೇಮಿನ ದಿನವೇ.

ಪಾಲಿಸಿ ಕೈಸೇರಿದ ಮೇಲೂ ಬೇಡವೆಂದು ಹಿಂದಿರುಗಿಸಲು 30 ದಿನ ಇರುತ್ತದೆ. ಆ ದಿನಗಳಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಕೂರಿಸಿಕೊಂಡು ಇಂಗ್ಲಿಷಿನ ಪುಟಗಳನ್ನು ಓದಿಸಿ. ಕರಪತ್ರವನ್ನಲ್ಲ, ಪೂರ್ತಿ ಪಾಲಿಸಿಯನ್ನು. ಡಿಡಕ್ಟಿಬಲ್‌ನ ಪಕ್ಕದಲ್ಲಿ 'ಅಗ್ರಿಗೇಟ್' (ಅಂದರೆ ವರ್ಷದ ಬಿಲ್ಲುಗಳನ್ನು ಕೂಡಿಸಿದ್ದು) ಎಂದು ಇದೆಯೋ ಇಲ್ಲವೋ, ಅವಳನ್ನೇ ಹುಡುಕಲು ಹೇಳಿ.