ತಳವಾರಘಟ್ಟದ ದ್ವಾರ: ಹೊಳೆದಂಡೆಯ ಸ್ಮಾರಕ ಮತ್ತು ಗ್ರಾಮ ಪಂಚಾಯತಿಗಳ ಹೊಣೆ

ವಿಜಯನಗರದ ಕೋಟೆಗೋಡೆಯ ಉತ್ತರ ಭಾಗದಲ್ಲಿ, ತುಂಗಭದ್ರಾ ನದಿಯ ಸಮೀಪ, ತಳವಾರಘಟ್ಟದ ಕಲ್ಲಿನ ದ್ವಾರವಿದೆ. ಹಂಪಿಯ ಗೋಪುರಗಳೆದುರು ಚಿಕ್ಕದಾಗಿ ಕಾಣುವ ಇದು ರಾಜಧಾನಿಗೆ ಹೊಳೆಯ ಕಡೆಯ ಪ್ರವೇಶವಾಗಿತ್ತು. ತಳವಾರನೆಂದರೆ ಕಾವಲುಗಾರ, ಘಟ್ಟವೆಂದರೆ ಹೊಳೆಗೆ ಇಳಿಯುವ ಸ್ಥಳ. ದ್ವಾರದ ಕಾರ್ಯವೇನೆಂಬುದನ್ನು ಹೆಸರೇ ಸೂಚಿಸುತ್ತದೆ.

ಎದುರು ದಡದಲ್ಲಿ ಆನೆಗೊಂದಿ ಇದೆ. 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂತೆ ದುಂಡಗಿರುವ, ತೊಗಲು ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದೂ, ಒಂದೊಂದರಲ್ಲಿ 15ರಿಂದ 20 ಮಂದಿ ಕೂರುತ್ತಿದ್ದರೆಂದೂ ಬರೆದಿದ್ದಾನೆ. ಅವೇ ಇಂದಿನ ಹರಿಗೋಲುಗಳು.

ವಿಜಯನಗರದ ಕೋಟೆಗೋಡೆಗಳ ಹೊರಮೈಯನ್ನು ದೊಡ್ಡ ಕಣಶಿಲೆಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿ ಕಟ್ಟಲಾಗಿದೆ. ಒಳಬದಿಗೆ ಮಣ್ಣು ಮತ್ತು ಕಲ್ಲುಚೂರು ತುಂಬಲಾಗಿದೆ. ಮಳೆನೀರು ಸಂದುಗಳಿಂದ ಹೊರಹೋಗುತ್ತದೆ. ಈ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ನಿಂತು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಸದುದ್ದೇಶದ ದುರಸ್ತಿಯೂ ಹಾನಿಕರವಾಗಬಹುದು.

ಹೊಳೆ ದಾಟುವ ಅನುಕೂಲ ಗ್ರಾಮಸ್ಥರ ನ್ಯಾಯವಾದ ಬೇಡಿಕೆ. ಆದರೆ ಪರಂಪರೆಯ ಪ್ರದೇಶದೊಳಗೆ ಸೇತುವೆ ಕಾಮಗಾರಿ ಕೈಗೊಂಡದ್ದರಿಂದ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ಕೈಬಿಟ್ಟಿತು. ಇಲ್ಲಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಸ್ಥಳದ ಆಯ್ಕೆ ಮೊದಲೇ ಚರ್ಚೆಯಾಗಬೇಕೆಂಬುದು ಇದರ ಪಾಠ.

ಕೋಟೆ, ದ್ವಾರ, ಹಳೆಯ ಗೋಡೆಗಳಿರುವ ಎಲ್ಲ ಗ್ರಾಮ ಪಂಚಾಯತಿಗಳ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಸಮುದಾಯ ಭವನಕ್ಕೂ ವಿನಾಯಿತಿ ಇರುವುದಿಲ್ಲ.

2. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿರ್ಮಾಣಕ್ಕೆ ಪೂರ್ವಾನುಮತಿ ಕಡ್ಡಾಯ. ಹಂಪಿ ಪ್ರದೇಶದಲ್ಲಿ 2002ರ ಪ್ರತ್ಯೇಕ ಪ್ರಾಧಿಕಾರ ಕಾಯ್ದೆಯೂ ಅನ್ವಯಿಸುತ್ತದೆ.

3. ಕ್ರಿಯಾ ಯೋಜನೆ ಸಿದ್ಧಪಡಿಸುವಾಗಲೇ ಕಾಮಗಾರಿ ಸ್ಥಳದಿಂದ ಸ್ಮಾರಕಕ್ಕಿರುವ ಅಂತರವನ್ನು ಅಳೆದು ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ.

4. ಗೋಡೆಯ ಕಲ್ಲು ಸಡಿಲಗೊಂಡರೆ ಅಥವಾ ಗಿಡ ಬೇರೂರಿದರೆ ಸ್ವತಃ ದುರಸ್ತಿ ಮಾಡದೆ, ಛಾಯಾಚಿತ್ರ ಸಹಿತ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ಕಾವಲುಗಾರನ ಹೆಸರು ಹೊತ್ತ ಈ ದ್ವಾರಕ್ಕೆ ಇಂದು ಕಾವಲಿನ ಅಗತ್ಯವಿದೆ. ಆ ಕಾವಲು ಗ್ರಾಮಸಭೆಯಿಂದಲೇ ಆರಂಭವಾಗಬೇಕು.